ಕುರ್ಚಿಗೆ ಕಟ್ಟಿಸಿಕೊಂಡ ಅತ್ತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂತರರಾಷ್ಟ್ರೀಯ ಪಂದ್ಯಾವಳಿಯ ಅಭ್ಯಾಸದ ಕೋಣೆಯಲ್ಲಿ ಇಬ್ಬರು ಹೆಂಗಸರು ಗಾಲಿಕುರ್ಚಿಯಲ್ಲಿ ಕೂತು ಟೇಬಲ್ ಟೆನಿಸ್ ಆಡಲು ಅಣಿಯಾಗುತ್ತಿದ್ದಾರೆ. ಒಬ್ಬಳಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಇನ್ನೊಬ್ಬರ ಕೈಕಾಲು ಗಟ್ಟಿಮುಟ್ಟಾಗಿವೆ. ಆದರೂ ಅವರನ್ನು ದುಪಟ್ಟದಿಂದ ಕುರ್ಚಿಗೆ ಬಿಗಿಯಲಾಗುತ್ತಿದೆ.

"ಇನ್ನೊಂದು ಸುತ್ತು ಹಾಕ್ಲಾ ಅತ್ತಿಗೆ?"

"ಹಾಕು. ಉಸಿರಾಡೋಕೆ ಮಾತ್ರ ಜಾಗ ಬಿಡೇ ತಾಯಿ."

ಅತ್ತಿಗೆ ಊರಿನ ಕ್ರೀಡಾಂಗಣದಲ್ಲಿ ಕಸ ಗುಡಿಸುವವರು. ನಾದಿನಿ ಕಟ್ಟಡದ ಕೆಲಸಕ್ಕೆ ಹೋಗಿ ಮೇಲಿನಿಂದ ಬಿದ್ದವಳು. ಮನೆಯ ಮೂಲೆ ಹಿಡಿದಿದ್ದ ಅವಳನ್ನು ಕ್ರೀಡಾಂಗಣಕ್ಕೆ ತಳ್ಳಿಕೊಂಡು ಬಂದವರು ಅತ್ತಿಗೆಯೇ. ಅಲ್ಲಿ ಆಡಲು ಬಂದ ಮಹಾಶಯರು 'ಪಾಪ' ಎಂದು ಸುಲಭದ ಚೆಂಡು ಹಾಕಿ, ಬೇಕೆಂದೇ ಸೋತರು. ಅಂಥ ಕರುಣೆಗಿಷ್ಟು ಬೆಂಕಿ ಹಾಕ!

"ಪಾಪ ಅಂದೋರನ್ನೆಲ್ಲ ಓಡಿಸ್ದೆ. ಪೊರಕೆ ಮೂಲೆಗಿಟ್ಟು ನಾನೇ ಕುರ್ಚೀಲಿ ಕೂತು ಬ್ಯಾಟ್ ಹಿಡ್ದೆ," ಎನ್ನುತ್ತಾರೆ ಅತ್ತಿಗೆ. ಅಂದಿನಿಂದ ದಿನವೂ ನೆಲ ಗುಡಿಸುವ ಮೊದಲು ಒಂದೂವರೆ ಗಂಟೆ ಆಟ. ಆ ಆಟವೇ ನಾದಿನಿಯನ್ನು ಈ ಪಂದ್ಯಾವಳಿಯವರೆಗೆ ತಂದಿದೆ.

ನಿನ್ನೆ ನಾದಿನಿ ಮೊದಲ ಪಂದ್ಯ ಸೋತಳು. ಇವತ್ತೂ ಸೋತರೆ ಮನೆಗೆ. ತಂಡದ ವ್ಯವಸ್ಥಾಪಕರು ಆಗಲೇ ತೀರ್ಪು ಕೊಟ್ಟಾಗಿದೆ: "ಕಸ ಗುಡಿಸೋರ ಹತ್ರ ಕಲಿತ್ರೆ ಇನ್ನೇನಾಗುತ್ತೆ?"

ಅತ್ತಿಗೆ ಮುಖಕ್ಕೇ ಹೇಳಿದ್ದಾರೆ: "ಇವತ್ತಿನ ಆಟ ಮುಗೀಲಿ ಸಾರ್, ಆಮೇಲೆ ಮಾತಾಡಿ."

ಸೋತದ್ದೇಕೆ ಎಂಬುದನ್ನು ಇಬ್ಬರೂ ಜಗಳವಾಡಿಯೇ ಕಂಡುಕೊಂಡಿದ್ದಾರೆ. ಈ ಆಟದಲ್ಲಿ ಕುರ್ಚಿ ಬಿಟ್ಟು ಮೇಲೇಳುವಂತಿಲ್ಲ. ಆದರೆ ಊರಿನ ಅಭ್ಯಾಸದಲ್ಲಿ ನಾದಿನಿ ಬಲೆಯ ಬುಡದಲ್ಲಿ ಮೆಲ್ಲಗೆ ಚೆಂಡು ಇಳಿಸಿದಾಗಲೆಲ್ಲ ಅತ್ತಿಗೆ ತಮಗೇ ಗೊತ್ತಿಲ್ಲದೆ ಅರ್ಧ ಎದ್ದು ವಾಪಸು ಹೊಡೆಯುತ್ತಿದ್ದರು. ಚೆಂಡಿನ ಮೇಲೇ ಕಣ್ಣಿಟ್ಟ ನಾದಿನಿಗೆ ಅದು ಕಾಣಲಿಲ್ಲ. ಉಪಯೋಗವಿಲ್ಲದ ಹೊಡೆತವೆಂದು ಅದನ್ನು ಕೈಬಿಟ್ಟಳು. ಕೂತೇ ಆಡುವ ಎದುರಾಳಿಗೆ ಎಟುಕದಿರುವುದು ಅದೊಂದೇ ಹೊಡೆತ!

"ನನ್ನ ಸೊಂಟಕ್ಕೆ ಇಷ್ಟು ಅವಸರ ಅಂತ ನಂಗೇನು ಗೊತ್ತು?" ಅತ್ತಿಗೆ ನಗುತ್ತಾರೆ.

ಚೆಂಡು ಬಲೆ ದಾಟಿ ಇಳಿಯುತ್ತದೆ. ಅತ್ತಿಗೆ ಕೈ ಚಾಚುತ್ತಾರೆ. ಎಟುಕುವುದಿಲ್ಲ. ಮತ್ತೊಂದು. ಅದೂ ಇಲ್ಲ.

"ಏನತ್ತಿಗೆ, ನಿದ್ದೆನಾ?"

"ಸೊಕ್ಕು ಬಂತಾ ಆಗ್ಲೇ? ಬಾಯಿ ಮುಚ್ಕೊಂಡು ಆಡೇ!"

ಮಧ್ಯಾಹ್ನದ ಪಂದ್ಯ ಕೊನೆಯ ಗೇಮಿನ ಕೊನೆಯ ಪಾಯಿಂಟಿನವರೆಗೂ ಎಳೆಯುತ್ತದೆ. ಎದುರಾಳಿ ಬೀಸಿ ಹೊಡೆದ ಚೆಂಡನ್ನು ನಾದಿನಿ ಹೂವಿನಂತೆ ಬಲೆಯಾಚೆ ಇಳಿಸುತ್ತಾಳೆ. ಎದುರಾಳಿಯ ಬ್ಯಾಟು ಬರೀ ಗಾಳಿಗೆ ತಾಗುತ್ತದೆ. ಗೆದ್ದಳು!

ಕ್ಯಾಮೆರಾಗಳು ಅವಳ ಸುತ್ತ ಮುಗಿಬೀಳುತ್ತವೆ. ಅವಳ ಕುರ್ಚಿಯ ಹಿಡಿಕೆ ಹಿಡಿದು ಹಲ್ಲು ಬಿಟ್ಟು ನಿಂತವರು ಯಾರು ಅಂದುಕೊಂಡಿರಿ? ಅದೇ ವ್ಯವಸ್ಥಾಪಕರು. ಅತ್ತಿಗೆ ಪ್ರೇಕ್ಷಕರ ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಗೆಲ್ಲುತ್ತಾಳೆಂಬ ನಂಬಿಕೆ ಇತ್ತೇ ಎಂದು ವರದಿಗೆ ಬಂದ ನಾನು ಕೇಳುತ್ತೇನೆ.

"ಬೆಳಿಗ್ಗೆ ನನ್ನನ್ನೇ ಸೋಲಿಸಿದ್ಲಲ್ಲ, ಆಗ್ಲೇ ಗೊತ್ತಾಯ್ತು," ಎನ್ನುತ್ತಾರೆ. "ನಾಳೆ ಎದುರಿಗೆ ಯಾರು ಕೂರ್ತಾರೋ ಕೂರ್ಲಿ. ನೋಡೇಬಿಡೋಣ."