ಹೋಗುವ ಹಾಡು

ನಾನು ವ್ಯಾನ್ ಓಡಿಸುವವನು. ಹಾಡಿಗೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಆದರೂ ಟೀಚರಮ್ಮನ ಕತೆ ಹೇಳುವುದಿದ್ದರೆ ನಾನೇ ಹೇಳಬೇಕು. ಹನ್ನೊಂದು ವರ್ಷ ಅವರ ಹಾಡು ಮುಗಿಯಲಿ ಅಂತ ಬಾಗಿಲ ಹೊರಗೆ ಕಾದು ನಿಂತವನು ನಾನು. ಒಂದು ದಿನ ಅದನ್ನು ಮುಗಿಯಗೊಡದವನೂ ನಾನೇ.

ನಮ್ಮದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಸೆಂಟರ್, ಹಳೇ ಅಂಚೆ ಕಚೇರಿಯ ಕಟ್ಟಡದಲ್ಲಿದೆ. ಸ್ಟಾಂಪು ಮಾರುತ್ತಿದ್ದ ಕಿಂಡಿಯಲ್ಲಿ ಈಗ ಬಣ್ಣದ ಡಬ್ಬಿಗಳು. ಎಂಟು ಜನ ಬರುತ್ತಿದ್ದರು, ಎಲ್ಲರೂ ದೊಡ್ಡವರೇ. ಕೆಲವರಿಗೆ ಮಾತಿಲ್ಲ, ಕೆಲವರಿಗೆ ನಡಿಗೆಯಿಲ್ಲ, ಒಬ್ಬಾಕೆಗೆ ಎರಡೂ ಇವೆ, ಆದರೆ ಯಾವುದನ್ನು ಯಾವಾಗ ಬಳಸಬೇಕೆಂಬುದು ಆಕೆಯ ಇಷ್ಟ. ಬೆಳಿಗ್ಗೆ ಬಣ್ಣ, ಮಧ್ಯಾಹ್ನ ಸಂಗೀತ. ಕಾಗದಪತ್ರದಲ್ಲಿ ಅದಕ್ಕೆ ‘ಸಂಗೀತ ಮತ್ತು ಚಿತ್ರಕಲಾ ಚಿಕಿತ್ಸೆ’ ಎಂದು ಹೆಸರು. ಟೀಚರಮ್ಮನಿಗೆ ಆ ಮಾತು ಕಂಡರೆ ಆಗದು. “ಚಿಕಿತ್ಸೆ ಕೊಡೋಕೆ ಇವರಿಗೇನು ಜ್ವರ ಬಂದಿದೆಯಾ?” ಎನ್ನುತ್ತಿದ್ದರು.

ಅವರು ಬಂದದ್ದು ಹೆರಿಗೆ ರಜೆಗೆ ಹೋದ ಯಾರದೋ ಬದಲಿಗೆ, ಆರು ತಿಂಗಳ ಮಟ್ಟಿಗೆ. ಹತ್ತೊಂಬತ್ತು ವರ್ಷ ಉಳಿದರು. ಉದ್ದಕ್ಕೆ, ಸಣ್ಣಗೆ, ಕ್ಯಾನ್ವಾಸ್ ಶೂ ಹಾಕಿಕೊಂಡು ಓಡಾಡುವ ಹೆಂಗಸು. ದನಿಯೇನೂ ಅಂಥ ಚೆನ್ನಾಗಿರಲಿಲ್ಲ, ನಿಜ ಹೇಳಬೇಕಲ್ಲ. ಆದರೆ ಅವರಿಗಿದ್ದಷ್ಟು ತಾಳ್ಮೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಅವರದೊಂದು ಕ್ರಮ ಇತ್ತು. ಗಡಿಯಾರ ನೋಡಲು ಬಾರದವರಿಗೆ ‘ಟೈಮ್ ಆಯ್ತು’ ಎಂದರೆ ಏನು ಅರ್ಥ? ಅದಕ್ಕೆ ಸಂಗೀತ ಶುರುವಾಗಲು ಒಂದು ಬರುವ ಹಾಡು, ಮುಗಿಯಲು ಒಂದು ಹೋಗುವ ಹಾಡು. ಎರಡನ್ನೂ ತಾವೇ ಕಟ್ಟಿದ್ದರು. ಹೋಗುವ ಹಾಡಿನಲ್ಲಿ ಒಬ್ಬೊಬ್ಬರ ಬಳಿಯೂ ಹೋಗಿ, ಅವರ ಕೈ ಮೇಲೆ ಅಂಗೈ ಇಟ್ಟು, “ಇವತ್ತಿಂದು ಸಾಕು, ಅಕ್ಕಾ, ಹೋಗಿ ಬಾ” ಎಂದು ಹಾಡುತ್ತಿದ್ದರು. ಆ ಅಕ್ಕ ಕಣ್ಣು ಮುಚ್ಚಿ ತೆರೆದರೆ ಅದೇ ಉತ್ತರ. ಇನ್ನೊಬ್ಬ ಕಾಲು ನೆಲಕ್ಕೆ ಬಡಿಯುತ್ತಿದ್ದ. ಉತ್ತರ ಬರುವ ತನಕ ಟೀಚರಮ್ಮ ಮುಂದಕ್ಕೆ ಹೋಗುವುದಿಲ್ಲ. ಕೆಲವು ದಿನ ಒಂದೇ ಉತ್ತರಕ್ಕೆ ಹತ್ತು ನಿಮಿಷ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹೊರಗೆ ನಿಂತು ಕುದಿಯುತ್ತಿದ್ದೆ.

ಎಲ್ಲರಿಗಿಂತ ಕೊನೆಗೆ ದೊಡ್ಡಣ್ಣ. ಸೆಂಟರಿಗೆ ಮೊದಲು ಸೇರಿದವನಾದ್ದರಿಂದ ಆ ಹೆಸರು. ಆಳು ಮಾತ್ರ ಅಂಗೈಯಗಲ. ನಲವತ್ತೊಂದು ವರ್ಷ, ವೀಲ್‌ಚೇರ್, ಮಾತಿಲ್ಲ. ಇಡೀ ಮೈಯಲ್ಲಿ ಹೇಳಿದಂತೆ ಕೇಳುತ್ತಿದ್ದದ್ದು ಎಡಗೈಯ ಎರಡು ಬೆರಳು. ತನ್ನ ಸರದಿ ಬರುವವರೆಗೆ ಕುರ್ಚಿಯ ಮುಂದಿನ ಮರದ ಹಲಗೆಯ ಮೇಲೆ ಒಂದೊಂದೇ ಏಟು ಹಾಕುತ್ತ ಕಾಯುತ್ತಿದ್ದ. ಟಕ್. ಟಕ್. “ದೊಡ್ಡಣ್ಣಾ, ಹೋಗಿ ಬಾ” ಎಂದೊಡನೆ ಜೋಡಿ ಏಟು, ಟಕಟಕ್. ಆಮೇಲೆ ಕೈ ಮಡಿಲಿಗೆ. ಅಲ್ಲಿಗೆ ಅವನ ದಿನ ಮುಗಿಯಿತು.

ಆವತ್ತು ಏಳು ಜನರ ಸರದಿ ಮುಗಿದಿತ್ತು. ಆಫೀಸಿನಿಂದ ಕರೆ ಬಂತು, ಟೀಚರಮ್ಮ ಹೋದರು. ಅಲ್ಲಿ ಅವರ ಕೈಗೆ ಕೊಟ್ಟದ್ದು ಆದೇಶದ ಕಾಗದ: ಅನುದಾನ ನಿಂತಿದೆ, ನಾಳೆಯಿಂದ ಸೆಂಟರ್ ಇಲ್ಲ. ಇದು ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಗೊತ್ತಿದ್ದದ್ದು, ವ್ಯಾನನ್ನು ಬೇಗ ಗ್ಯಾರೇಜಿಗೆ ಬಿಡಬೇಕು ಎಂಬುದಷ್ಟೇ. ಉದ್ದಕ್ಕೆ ಹಾರ್ನ್ ಹೊಡೆದೆ. ಸೆಂಟರಿನ ಆಯಾ ಗಡಿಬಿಡಿಯಲ್ಲಿ ಎಲ್ಲರನ್ನೂ ಹೊರಗೆ ತಂದಳು.

ಟೀಚರಮ್ಮ ಕಾಗದ ಹಿಡಿದುಕೊಂಡೇ ಓಡಿ ಬಂದರು. “ಒಂದು ನಿಮಿಷ, ದೊಡ್ಡಣ್ಣಂದು ಬಾಕಿ ಇದೆ.”

“ನಾಳೆ ಹಾಡಿ ಟೀಚರಮ್ಮ, ಎಲ್ಲಿಗೆ ಓಡಿ ಹೋಗ್ತಾನೆ ಅವನು?” ಎಂದೆ. ತಮಾಷೆ ಮಾಡಿದೆ ಅಂದುಕೊಂಡೆ.

ಅವರು ಬಾಯಿ ತೆರೆದರು. ನಾಳೆ ಇಲ್ಲ ಎಂದು ಹೇಳಲು ಆಗಲಿಲ್ಲ. ನಾನು ಬಾಗಿಲು ಎಳೆದು ಹೊರಟೆ. ದಾರಿಯುದ್ದಕ್ಕೂ ಹಿಂದಿನಿಂದ ಟಕ್, ಟಕ್ ಕೇಳುತ್ತಿತ್ತು. ಖುಷಿಯಾಗಿದ್ದಾನೆ ಅಂದುಕೊಂಡೆ.

ಸೆಂಟರಿಗೆ ಬೀಗ ಬಿತ್ತು. ನನ್ನನ್ನು ಆಸ್ಪತ್ರೆಯ ಫೈಲು ಸಾಗಿಸಲು ಹಾಕಿದರು. ಹನ್ನೆರಡನೇ ದಿನ ಔಷಧಿ ಅಂಗಡಿಯಲ್ಲಿ ದೊಡ್ಡಣ್ಣನ ಅಕ್ಕ ಸಿಕ್ಕಳು. ಬಟ್ಟೆ ಹೊಲಿದು ತಮ್ಮನನ್ನು ಸಾಕುವವಳು.

“ಏನ್ ಮಾಡಿದ್ರಿ ಅವನಿಗೆ ಅಲ್ಲಿ? ಆವತ್ತಿಂದ ಕೈ ನಿಲ್ಸಿಲ್ಲ. ಊಟ ಇಟ್ರೂ ಹಲಗೇನೇ ಬಡೀತಾನೆ. ನಿದ್ದೆ ಬಂದ್ರೆ ಬೆಚ್ಚಿಬಿದ್ದು ಎದ್ದು ಮತ್ತೆ ಶುರು ಮಾಡ್ತಾನೆ.”

ಅವಳ ಜೊತೆಯಲ್ಲೇ ಹೋದೆ. ಓಣಿಯ ತಿರುವಿನಲ್ಲೇ ಆ ಸದ್ದು ಕೇಳಿಸಿತು. ಅವನು ಇನ್ನೂ ಆವತ್ತಿನ ಮಧ್ಯಾಹ್ನದಲ್ಲೇ ಇದ್ದ. ಅವನ ಸರದಿ ಇನ್ನೂ ಬಂದಿರಲಿಲ್ಲ. ನಾನೇ ಅವನ ಕೈ ಮೇಲೆ ಕೈಯಿಟ್ಟು ಹಾಡಿದೆ. ಹನ್ನೊಂದು ವರ್ಷ ಕೇಳಿದ ಹಾಡು, ಒಂದಕ್ಷರ ತಪ್ಪಲಿಲ್ಲ. ಮನೆ ತಪ್ಪಿ ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿ, ಬೆರಳನ್ನು ಬಿಡಿಸಿಕೊಂಡ. ಟಕ್.

ಟೀಚರಮ್ಮ ಬೇರೆ ಊರಿನಲ್ಲಿ ಅವರಣ್ಣನ ಮನೆಯಲ್ಲಿದ್ದರು. ಫೋನ್ ಮಾಡಿ, “ನಾನು, ವ್ಯಾನಿನವನು” ಎಂದೆ, ಅಷ್ಟೇ. “ಬಡೀತಾ ಇದ್ದಾನೆ ಅಲ್ವಾ?” ಎಂದರು. “ನಂಗೂ ಕೇಳಿಸ್ತಾ ಇದೆ. ಇಲ್ಲಿ ಅತ್ತಿಗೆ ತರಕಾರಿ ಹೆಚ್ಚಿದ್ರೂ ಅವನದೇ ಸದ್ದು.”

ಮರುದಿನ ಮೊದಲ ಬಸ್ಸಿಗೇ ಬಂದರು. ಹೊಸ್ತಿಲಲ್ಲಿ ಶೂ ಬಿಚ್ಚಿ, ಯಾರೊಡನೆಯೂ ಮಾತಾಡದೆ ನೇರ ಹೋಗಿ ಅಂಗೈ ಇಟ್ಟರು. “ಇವತ್ತಿಂದು ಸಾಕು, ದೊಡ್ಡಣ್ಣಾ, ಹೋಗಿ ಬಾ.” ಟಕಟಕ್. ಕೈ ಮಡಿಲಿಗೆ ಇಳಿಯಿತು. ಅಲ್ಲೇ ಕುತ್ತಿಗೆ ವಾಲಿಸಿ ನಿದ್ದೆ ಹೋದ. ಅಕ್ಕ ಅತ್ತಳು, ಟೀಚರಮ್ಮ ಅತ್ತರು. ನಾನು ಹೊರಗೆ ಹೋಗಿ ಟೈರಿನ ಗಾಳಿ ನೋಡಿದೆ.

ಮೂರನೇ ದಿನ ದೊಡ್ಡಣ್ಣ ತೀರಿಕೊಂಡ.

ಎದೆಯಲ್ಲಿ ಕಫ ಕಟ್ಟಿ ವಾರಗಳೇ ಆಗಿತ್ತು ಎಂದರು ಡಾಕ್ಟರು. ಇರಬಹುದು. ಆದರೆ ಅವನ ಅಕ್ಕ ಟೀಚರಮ್ಮನ ಕೈ ಹಿಡಿದು, ಕೋಪವಿಲ್ಲದೆಯೇ ಒಂದು ಮಾತು ಹೇಳಿದಳು. “ಕಾಯ್ತಾ ಇರೋವರೆಗೂ ಇದ್ದ ಟೀಚರಮ್ಮ. ನೀವು ಹೋಗಿ ಬಾ ಅಂದ್ರಿ, ಹೋದ.”

ಕೃತಜ್ಞತೆಯೋ ಆರೋಪವೋ, ಹೇಳಿದವಳಿಗೂ ಗೊತ್ತಿರಲಿಕ್ಕಿಲ್ಲ. ಟೀಚರಮ್ಮ ಮಾತ್ರ ಅದನ್ನು ಎದೆಯೊಳಗೆ ಇಟ್ಟುಕೊಂಡು ಊರಿಗೆ ಹೋದರು.

ನಾಲ್ಕು ತಿಂಗಳು ದೊಡ್ಡಣ್ಣನ ಅಕ್ಕ ಹೊಲಿಗೆ ಬಿಟ್ಟು, ಉಳಿದ ಏಳು ಮನೆಯವರನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಮೇಲಿನವರು ಒಪ್ಪಿದ ಮೇಲೂ ಗುಮಾಸ್ತರು ಆರು ವಾರ ಸತಾಯಿಸಿದರು. ಕೊನೆಗೆ ಅನುದಾನ ಮತ್ತೆ ಬಂತು, ನನ್ನನ್ನೂ ವಾಪಸು ಸೆಂಟರಿನ ವ್ಯಾನಿಗೆ ಹಾಕಿದರು. ಬರಲೊಲ್ಲೆ ಎಂದ ಟೀಚರಮ್ಮನನ್ನು ಅವಳೇ ಹೋಗಿ ಕರೆತಂದಳು. ತಮ್ಮನ ಕುರ್ಚಿಯ ಹಲಗೆಯನ್ನೂ ಸೆಂಟರಿಗೆ ತಂದು, ಅವನು ಕೂರುತ್ತಿದ್ದ ಜಾಗದಲ್ಲಿ ಗೋಡೆಗೆ ಒರಗಿಸಿಟ್ಟಳು.

ಮೊದಲ ದಿನ ಬರುವ ಹಾಡು ಸರಾಗವಾಗಿ ಆಯಿತು. ಹೋಗುವ ಹೊತ್ತಾಯಿತು. ಟೀಚರಮ್ಮ ಕೀಬೋರ್ಡಿನ ಮೇಲೆ ಬೆರಳಿಟ್ಟರು, ಒತ್ತಲಿಲ್ಲ.

“ಬಾಯಿ ಬರ್ತಾ ಇಲ್ಲ,” ಎಂದು ಬಾಗಿಲಲ್ಲಿದ್ದ ನನಗೆ ಹೇಳಿದರು. “ಹೋಗಿ ಬಾ ಅಂತ ಯಾರಿಗೆ ಹೇಳ್ಲಿ? ಹೋಗೇಬಿಟ್ರೆ?”

ನಾಲ್ಕಾಯಿತು, ನಾಲ್ಕೂವರೆ ಆಯಿತು. ನಾನು ಹಾರ್ನ್ ಮುಟ್ಟಲಿಲ್ಲ. ಏಳು ಜನ ಕೂತೇ ಇದ್ದರು. ಆಗ ಕಣ್ಣು ಮುಚ್ಚಿ ತೆರೆಯುವ ಆ ಅಕ್ಕ ಕುರ್ಚಿಯ ತೋಳಿನ ಮೇಲೆ ಬಡಿಯತೊಡಗಿದಳು. ಒಂದೊಂದೇ ಏಟು. ಪಕ್ಕದವನು ಸೇರಿಕೊಂಡ. ಆಮೇಲೆ ಎಲ್ಲರೂ. ಇಷ್ಟು ವರ್ಷ ಇವರಲ್ಲಿ ಯಾರೂ ಹಾಗೆ ಬಡಿದವರಲ್ಲ, ಅದು ದೊಡ್ಡಣ್ಣನದೊಬ್ಬನದೇ. ಟೀಚರಮ್ಮ ಕಿವಿ ಮುಚ್ಚಿಕೊಂಡರು. ಆದರೆ ಇವರೂ ಅವನ ಹಾಗೆ ಕಾಯುತ್ತಲೇ ಉಳಿದರೆ?

ಆ ಭಯವೇ ಅವರನ್ನು ಎಬ್ಬಿಸಿತೆಂದು ಕಾಣುತ್ತದೆ. ಏಳು ಜನರಿಗೂ ಹಾಡಿದರು, ಏಳು ಉತ್ತರ ಬಂತು. ಆಮೇಲೆ ಕಾಲು ತಾನಾಗಿ ಎಂಟನೇ ಜಾಗಕ್ಕೆ ಹೋಯಿತು. ಹಲಗೆಯ ಮೇಲೆ ಅಂಗೈ ಇಟ್ಟು, “ದೊಡ್ಡಣ್ಣಾ, ಹೋಗಿ ಬಾ” ಎಂದುಬಿಟ್ಟರು.

ಉತ್ತರ ಬರಲಿಲ್ಲ. ಉತ್ತರ ಬಾರದೆ ಹಾಡು ಮುಗಿಯುವುದಿಲ್ಲ, ಅದು ಅವರದೇ ನಿಯಮ. ಟೀಚರಮ್ಮ ಕೈ ತೆಗೆಯಲಾರದೆ ನಿಂತರು. ಏಳು ಜನ ಅಲುಗಲಿಲ್ಲ. ಏಳು ಜೊತೆ ಕಣ್ಣು ಬಾಗಿಲ ಕಡೆ, ನನ್ನ ಕಡೆ ತಿರುಗಿದವು. ಆವತ್ತು ಹಾರ್ನ್ ಹೊಡೆದವನು ಯಾರೆಂದು ಅವರಿಗೆ ಗೊತ್ತಿತ್ತು.

ನಾನು ಒಳಗೆ ಹೋಗಿ, ಎರಡು ಬೆರಳಿನಿಂದ ಹಲಗೆಯ ಮೇಲೆ ಬಡಿದೆ. ಟಕಟಕ್.

ಎಲ್ಲರೂ ಹೊರಡಲು ಕೈ ಚಾಚಿದರು.

ಈಗ ದಿನಾ ಸಂಜೆ ಅದು ನನ್ನ ಕೆಲಸ, ಯಾವ ಆದೇಶದಲ್ಲೂ ಬರೆದಿಲ್ಲ. ಟೀಚರಮ್ಮ ಹಾಡುತ್ತಾರೆ, ನಾನು ಬಡಿಯುತ್ತೇನೆ, ಅವರೆಲ್ಲರ ದಿನ ಮುಗಿಯುತ್ತದೆ. ನನ್ನದು ಮುಗಿಯುವುದಿಲ್ಲ. ಎಲ್ಲರನ್ನೂ ಇಳಿಸಿ ಮನೆಗೆ ಬಂದು ಊಟಕ್ಕೆ ಕೂತರೆ, ತಟ್ಟೆಯ ಪಕ್ಕದಲ್ಲಿ ನನ್ನ ಎಡಗೈ ಒಂದೊಂದೇ ಏಟು ಹಾಕುತ್ತಿರುತ್ತದೆ. “ಯಾರಿಗೆ ಕಾಯ್ತಾ ಇದ್ದೀರಿ?” ಎಂದು ಹೆಂಡತಿ ಕೇಳುತ್ತಾಳೆ.