ತೊಡೆಯ ಗಂಟು, ಅತ್ತೆಯ ಕೈ

ಸಿಟಿ ಬಸ್ಸು ಪುಣೆಯ ಶಿವಾಜಿನಗರದ ತಿರುವಿನಲ್ಲಿ ಗಕ್ಕನೆ ನಿಂತಾಗ ಸೀಟಿನ ಕಬ್ಬಿಣದ ಅಂಚು ನನ್ನ ತೊಡೆಗೆ ಬಡಿಯಿತು. ಮೂಳೆ ಮುರಿದಿರಲಿಲ್ಲ, ಬರೀ ಬಾತು ಕಂದಿತ್ತು. ಅಷ್ಟಕ್ಕೆ ಅತ್ತೆ ಬಿಡುತ್ತಾರೆಯೇ? ಇಲ್ಲಿಗೆ ಬಂದು ನೆಲೆಸಿದ ನಮ್ಮ ಬಾಗಲಕೋಟೆಯವರ ಮನೆಗಳಲ್ಲಿ ಕೂಸಿನ ಎಣ್ಣೆಸ್ನಾನದಿಂದ ಹಿಡಿದು ಉಳುಕಿದ ಕಾಲಿನವರೆಗೆ ಎಲ್ಲಕ್ಕೂ ಅವರ ಕೈಯೇ ಆಗಬೇಕು. ಬೆಳಿಗ್ಗೆ ನಾನು ಕಚೇರಿಗೆ ಹೊರಡುವ ಮೊದಲು, ಸಂಜೆ ಬಂದ ಮೇಲೆ, ಬಿಸಿ ಎಳ್ಳೆಣ್ಣೆ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಚೀರಿದರೆ, "ಸುಮ್ನಿರವಾ, ಗಂಟು ಕರಗಾಕತ್ತದ" ಎನ್ನುವರು. ಬೇಡವೆನ್ನುವ ತ್ರಾಣವೂ ನನಗಿರಲಿಲ್ಲ.

ಗಂಟು ಕರಗಲಿಲ್ಲ, ಕಲ್ಲಾಯಿತು. ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಸ್ಕ್ಯಾನ್ ನೋಡಿ, ತಡೆದು ತಡೆದು, ಮಾಂಸದೊಳಗಿನ ಕ್ಯಾನ್ಸರ್ ಇದ್ದರೂ ಇರಬಹುದು ಎಂದರು. ಕಾಲು ಉಳಿಯುತ್ತದೆಯೇ ಎಂದು ಕೇಳಿದೆ. ಅವರು ಹಿರಿಯ ಡಾಕ್ಟರನ್ನು ಕರೆದರು.

ಹಿರಿಯರು ಮರಾಠಿಯಲ್ಲಿ ಕೇಳಿದ್ದು ಇಷ್ಟೇ: ಪೆಟ್ಟು ಬಿದ್ದಿತ್ತಾ? ಆಮೇಲೆ ಯಾರಾದರೂ ತಿಕ್ಕಿದರಾ? ಅತ್ತೆ ಸೆರಗು ಸರಿಮಾಡಿಕೊಂಡು, ಹೆಮ್ಮೆಯಿಂದಲೇ, ನಾನು ಎಂದರು.

ಪೆಟ್ಟಿಗೆ ಮಾಂಸದೊಳಗೆ ರಕ್ತ ಕಟ್ಟಿ, ಅದನ್ನು ತಿಕ್ಕಿ ಕೆಣಕಿದರೆ ಅಲ್ಲೇ ಎಲುಬು ಬೆಳೆಯುವುದುಂಟಂತೆ. ಮೊದಮೊದಲು ಅದು ಥೇಟು ಕ್ಯಾನ್ಸರಿನ ಹಾಗೇ ಕಾಣುತ್ತದಂತೆ. ಈಗಲೇ ಸೂಜಿ ಚುಚ್ಚಿ ತುಣುಕು ತೆಗೆದರೆ ಪರೀಕ್ಷೆ ಮಾಡುವವರೂ ಮೋಸಹೋಗಬಹುದಂತೆ. ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ತೆಗೆಯೋಣ, ಸುತ್ತ ಮೊಟ್ಟೆಯ ಚಿಪ್ಪಿನ ಹಾಗೆ ಎಲುಬು ಕಟ್ಟಿದ್ದರೆ ಭಯವಿಲ್ಲ, ಅಲ್ಲಿಯವರೆಗೆ ಯಾರೂ ಕೈ ಹಚ್ಚಬೇಡಿ ಎಂದರು.

ಆ ವಾರಗಳು ಸವೆಯಲೇ ಇಲ್ಲ. ಅತ್ತೆ ಎಣ್ಣೆ ಬಟ್ಟಲು ತೊಳೆದು ಮೇಲಿಟ್ಟುಬಿಟ್ಟರು. ಅಡುಗೆಮನೆಯಲ್ಲಿ ಎದುರಾದರೂ ನನಗೆ ತಾಗದಂತೆ ಗೋಡೆಗೆ ಸರಿದು ಹೋಗುವರು. ಕಾದು ಕಾದು ನನಗೂ ಸಾಕಾಗಿಹೋಗಿತ್ತು. ದೇವರ ಮುಂದೆ ನಿಂತಾಗ ಬೇಡಿದ್ದು ಒಂದೇ: ಇದು ಅತ್ತೆಯ ಕೈಯ ತಪ್ಪೇ ಆಗಿರಲಿ.

ಎರಡನೇ ಸ್ಕ್ಯಾನಿನಲ್ಲಿ ಗಂಟಿನ ಸುತ್ತ ಬಿಳಿ ಅಂಚು ಸ್ಪಷ್ಟವಾಗಿ ಕಂಡಿತು. ಕ್ಯಾನ್ಸರಲ್ಲ, ಕೊಯ್ಯುವುದೂ ಬೇಡ, ತಾನಾಗಿ ಕುಗ್ಗಲಿ ಬಿಡಿ ಎಂದರು ಹಿರಿಯ ಡಾಕ್ಟರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅತ್ತೆ ಊರಿನ ತಂಗಿಗೆ ಫೋನು ಹಚ್ಚಿ, ಕಣ್ಣೊರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಿದ್ದರು:

"ತಪ್ಪು ನಂದೇ ಅಂತವಾ! ದೇವರು ದೊಡ್ಡಾವ, ನಂದೇ ಅಂತ!"