ವಚನದ ಕಟ್ಟಿನ ಮೇಲೆ ಹಡೆದ ಬೆಕ್ಕು

ನಮ್ಮ ಯಜಮಾನರನ್ನು ಗೋಕಾಕದ ಮಂದಿ ಪಂಡಿತರು ಎನ್ನುತ್ತಿದ್ದರು. ಹಗಲೆಲ್ಲ ಸಾಲಿ ಮಾಸ್ತರಿಕೆ, ಬೆಳಿಗ್ಗೆ ಸಂಜೆ ತಾಡವೋಲೆ. ಊರೂರು ತಿರುಗಿ ಹಳೆಯ ವಚನದ ಕಟ್ಟುಗಳನ್ನು ಬೇಡಿ ತಂದು, ಒಂದೊಂದೇ ಗರಿ ನೋಡಿ ನಕಲು ಮಾಡುತ್ತಿದ್ದರು. ಉಳಿದ ಹೊತ್ತೆಲ್ಲ ಪ್ರಾಣಿಗಳಿಗೆ. ರೆಕ್ಕೆ ಮುರಿದ ಗೊರವಂಕ, ಕುಂಟುವ ಆಡಿನ ಮರಿ, ಬೀದಿಯಿಂದ ಎತ್ತಿ ತಂದ ಬೂದು ಬೆಕ್ಕು. ಮನೆಯಲ್ಲಿ ಎಣ್ಣೆ ತೀರಿದ್ದು ಆ ಮಹಾನುಭಾವರಿಗೆ ಗೊತ್ತೇ ಆಗುತ್ತಿರಲಿಲ್ಲ. ಬೆಕ್ಕು ಹಾಲು ಕುಡಿಯದಿದ್ದರೆ ಮಾತ್ರ ತಕ್ಷಣ ಗೊತ್ತಾಗುತ್ತಿತ್ತು. ನನಗೆ ಸಿಟ್ಟು ಬಾರದೇ ಇದ್ದೀತೆ?

ಒಂದು ವರ್ಷ ಮಸಗುಪ್ಪಿಯ ಮುದುಕರೊಬ್ಬರ ಮನೆಯಿಂದ ಕಟ್ಟೊಂದು ಬಂತು. ಅವರ ಮನೆಯಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲ, ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದರು. ಶ್ರಾವಣದ ಮೊದಲ ಸೋಮವಾರದ ಪೂಜೆಗೆ ಮರಳಿಸಬೇಕು, ಆಮೇಲೆ ಮತ್ತೆ ಕೆಳಗಿಳಿಸುವುದಿಲ್ಲ ಎಂದು ಕರಾರು. ನಮ್ಮವರೋ ಬಂದವರೊಡನೆಲ್ಲ ಮಾತಾಡಿ ದಿನ ಕಳೆದು, ಕೊನೆಯ ಹತ್ತು ಗರಿ ಬಾಕಿ ಉಳಿಸಿಕೊಂಡರು. ಬೇರೆಲ್ಲೂ ಸಿಗದ ಯಾರೋ ಶರಣೆಯ ವಚನಗಳು ಇದ್ದದ್ದು ಆ ಹತ್ತರಲ್ಲೇ ಅಂತೆ. ಶುಕ್ರವಾರ ಬೆಳಿಗ್ಗೆ ನೋಡಿದರೆ, ಅಯ್ಯ ಶಿವನೇ, ಕಟ್ಟನ್ನು ಅರಿವೆಯಲ್ಲಿ ಸುತ್ತಿಟ್ಟ ಬುಟ್ಟಿಯಲ್ಲಿ ಬೆಕ್ಕು ನಾಲ್ಕು ಮರಿ ಹಾಕಿ ಮಲಗಿತ್ತು.

“ಎಬ್ಬಸ್ರಿ ಅದನ್ನ,” ಅಂದೆ.

“ಬ್ಯಾಡ. ಹಸೀ ಬಾಣಂತಿ ಅದು. ಮರಿ ಮುಟ್ಟಿದ್ರ ಕಚ್ಚಿಕೊಂಡು ಎಲ್ಲ್ಯಾರ ಹೋಗಿಬಿಡ್ತೈತಿ.”

ನನ್ನ ಬಾಯಿ ತಡೆಯಲಿಲ್ಲ. ನಾಲ್ಕು ವರ್ಷದ ಹಿಂದೆ ನಾನು ತವರುಮನೆ ಅಂಕಲಗಿಯಲ್ಲಿ ಹೆಣ್ಣುಕೂಸು ಹಡೆದಿದ್ದೆ. ಆಗ ಇವರು ಹುಕ್ಕೇರಿಯಲ್ಲಿ ಇಂಥದೇ ಒಂದು ಕಟ್ಟಿನ ಮುಂದೆ ಕೂತಿದ್ದರು. ಸುದ್ದಿ ಕಳಿಸಿದರೆ, ನಕಲು ಮುಗಿಸಿ ಬರುತ್ತೇನೆ ಎಂದರು. ಕೂಸು ಬದುಕಿದ್ದು ಆರು ದಿನ. ಇವರು ಬಂದದ್ದು ಎಂಟನೆಯ ದಿನ.

“ಬೆಕ್ಕು ಬಾಣಂತಿ ಅನ್ನೂದು ತಿಳೀತೈತಿ ನಿಮಗ. ನಾ ಬಾಣಂತಿ ಇದ್ದಾಗ ಎಲ್ಲಿದ್ರಿ?”

ಅವರು ಎರಡು ದಿನ ಬುಟ್ಟಿಯ ಮಗ್ಗುಲಲ್ಲೇ ಕೂತರು. ಬೆಕ್ಕು ಎದ್ದು ಹೊರಗೆ ಹೋದಾಗಲೂ ಮರಿಗಳಿಗೆ ಕೈ ಹಚ್ಚಲಿಲ್ಲ.

ರವಿವಾರ ಮಧ್ಯಾಹ್ನ ಮಸಗುಪ್ಪಿಯ ಮುದುಕರು ಬಂದೇಬಿಟ್ಟರು. ಬುಟ್ಟಿ ನೋಡಿ ಮೈಲಿಗೆಯೆಂದು ಹಾರಾಡುತ್ತಾರೆ ಅಂತ ನಾನು ಹೆದರಿದ್ದೆ. ಅವರು ನಕ್ಕುಬಿಟ್ಟರು.

“ಹಡೆದಾಕಿಗೆ ಸೂತಕ ಇಲ್ಲ ಅಂತ ನಮ್ಮ ಶರಣರ ಅಂದಾರಲ್ರಿ ಮಾಸ್ತರ್ರ. ಆದ್ರ ಕಟ್ಟು ಮಾತ್ರ ಇವತ್ತ ಒಯ್ಯಬೇಕ್ರಿ. ನಾ ಉಂಡು ಏಳೂತನಕ ಎಷ್ಟಾಕ್ಕೈತಿ ಅಷ್ಟು ಬರ್ಕೊಳ್ರಿ.”

ನಮ್ಮ ಅತ್ತೆ ಅವರನ್ನು ಒಳಗೆ ಕರೆದು ರೊಟ್ಟಿ ಬಡಿಸಿದರು. ನಾನೇ ಬಗ್ಗಿ ಒಂದೊಂದೇ ಮರಿ ಎತ್ತಿ ಮಡಿಲಿಗೆ ಹಾಕಿಕೊಂಡೆ. ದಿನಾ ಬೈಯುವವಳು ನಾನೇ ಆದರೂ ಹಾಲು ಹಾಕುವವಳೂ ನಾನೇ. ಬೆಕ್ಕು ಸುಮ್ಮನೆ ಬಂದು ನನಗೆ ಒತ್ತಿ ಕೂತಿತು. ಅರಿವೆ ಹೊಲಸಾಗಿತ್ತು, ಗರಿಗಳಿಗೆ ಏನೂ ಆಗಿರಲಿಲ್ಲ. ಯಜಮಾನರು ಅವಸರದಿಂದ ಕಟ್ಟು ಬಿಚ್ಚಿ, ಟಾಕನ್ನು ಮಸಿಯಲ್ಲಿ ಅದ್ದಿದರು. ಆದರೆ ಬರೆಯಲಿಲ್ಲ. ನನ್ನ ಮಡಿಲನ್ನೇ ನೋಡುತ್ತಿದ್ದರು.

“ಕೂಸು ಯಾರಂಗಿತ್ತು?” ಎಂದರು.

ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾನು ಗರಿಗಳತ್ತ ಕೈ ತೋರಿಸಿದೆ.

“ಮೊದಲ ಬರ್ಕೊಳ್ರಿ. ಅಜ್ಜಾರು ಎದ್ದುಬಿಡ್ತಾರ.”

ಟಾಕು ಕೆಳಗಿಟ್ಟರು. “ಹೇಳು.”

ಹೇಳಿದೆ. ಮೂಗು ನಿಮ್ಮದೇ ಎಂದೆ. ತಲೆತುಂಬ ಕೂದಲು. ಬಲಗಿವಿಯ ಹಿಂದೆ ಒಂದು ಮಚ್ಚೆ. ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಅವರು ನಡುನಡುವೆ ಕೇಳುತ್ತಿದ್ದರು: ಬಹಳ ಅಳುತ್ತಿತ್ತೇ, ಹಾಲು ಕುಡಿಯುತ್ತಿತ್ತೇ. ಮುದುಕರು ಕೈ ತೊಳೆದು ಹೊರಗೆ ಬಂದಾಗ ನಾನಿನ್ನೂ ಐದನೆಯ ದಿನದಲ್ಲಿದ್ದೆ.

ಯಜಮಾನರು ಗರಿಗಳನ್ನು ಕೂಡಿಸಿ ಕಟ್ಟಿ, ಹಣೆಗೆ ಒತ್ತಿಕೊಂಡು ಅವರ ಕೈಗೆ ಕೊಟ್ಟರು. ಬಾಗಿಲ ತನಕ ಹೋಗಿ ಕಳಿಸಿ ಬಂದರು. ಬಂದು ಮತ್ತೆ ನನ್ನ ಮುಂದೆ ಕೂತು, “ಆರನೇ ದಿನಾ?” ಎಂದರು.